ಕಿರುಚುವ ಫ್ಯಾನ್ ಬೆಲ್ಟ್ ಮತ್ತು ಟೆನ್ಷನರ್ ಬದಲಾವಣೆ: ಕರಾವಳಿಯ ಫೋರ್ ವೀಲ್ ಡ್ರೈವ್ ಜೀಪಿಗೆ ಸಮಗ್ರ ಮಾರ್ಗದರ್ಶಿ

ಜೂನ್ ತಿಂಗಳ ಮೊದಲ ಮಳೆ ಬಿದ್ದ ಮರುದಿನ ಬೆಳಿಗ್ಗೆ ಉಡುಪಿ, ಕಾರ್ಕಳ, ಹೆಬ್ರಿಯ ಕಡೆಯ ಅಂಗಳಗಳಲ್ಲಿ ಡೀಸೆಲ್ ಜೀಪು ಸ್ಟಾರ್ಟ್ ಆಗುವಾಗ ಬಾನೆಟ್ಟಿನ ಒಳಗಿಂದ ಒಂದು ಕೀಚಲು ಸದ್ದು ಹೊರಡುತ್ತದೆ. ಒಂದೆರಡು ನಿಮಿಷದಲ್ಲಿ ಅದು ತಾನಾಗಿ ಅಡಗುವುದರಿಂದ ಬಹಳ ಮಂದಿ ಅದನ್ನು ಮಳೆಗಾಲದ ತಂಡಿಯ ಲೆಕ್ಕಕ್ಕೆ ಬರೆದು ಮರೆತುಬಿಡುತ್ತಾರೆ. ಆದರೆ ತಂಡಿ ಆ ಸದ್ದಿಗೆ ನೆಪ ಮಾತ್ರ. ಬೆಲ್ಟಿನ ಹಿಡಿತ ಮೊದಲೇ ಸಡಿಲಗೊಂಡಿರುತ್ತದೆ, ತೇವ ಅದನ್ನು ಹೊರಗೆ ತೋರಿಸುತ್ತದೆ.

ಇಂದಿನ ಅನೇಕ ಗಾಡಿಗಳಲ್ಲಿ ಈ ಬೆಲ್ಟು ಫ್ಯಾನನ್ನು ತಿರುಗಿಸುವುದೇ ಇಲ್ಲ, ಫ್ಯಾನ್ ಬೆಲ್ಟ್ ಎಂಬ ಹೆಸರು ಮಾತ್ರ ಹಳೆಯ ಕಾಲದಿಂದ ಉಳಿದುಕೊಂಡಿದೆ. ಅದು ತಿರುಗಿಸುವುದು ಹಳಬರು ಇಂದಿಗೂ ಡೈನಮೋ ಎಂದೇ ಕರೆಯುವ ಆಲ್ಟರ್ನೇಟರನ್ನು, ಬಹುತೇಕ ಎಂಜಿನ್ನುಗಳಲ್ಲಿ ವಾಟರ್ ಪಂಪನ್ನು, ಪವರ್ ಸ್ಟೀರಿಂಗಿನ ಪಂಪನ್ನು ಮತ್ತು ಏಸಿ ಕಂಪ್ರೆಸರನ್ನು. ಇದರ ಜೊತೆಗೆ ಅನೇಕ ಡೀಸೆಲ್ ಎಂಜಿನ್ನುಗಳಲ್ಲಿ ಬ್ರೇಕ್ ಬೂಸ್ಟರಿಗೆ ನಿರ್ವಾತ ಒದಗಿಸುವ ವ್ಯಾಕ್ಯೂಮ್ ಪಂಪು ಆಲ್ಟರ್ನೇಟರಿನ ಬೆನ್ನಿಗೇ ಜೋಡಿಸಿರುತ್ತದೆ ಎಂಬುದು ಅನೇಕರಿಗೆ ತಿಳಿದಿರುವುದಿಲ್ಲ. ಅಂಥ ಗಾಡಿಯಲ್ಲಿ ಆಗುಂಬೆ ಘಾಟಿಯ 14 ತಿರುವುಗಳನ್ನು ಸೋಮೇಶ್ವರದ ಕಡೆಗೆ ಇಳಿಯುವಾಗ ಬೆಲ್ಟು ಕಡಿದುಹೋದರೆ, ಬೂಸ್ಟರಿನಲ್ಲಿ ಉಳಿದಿರುವ ನಿರ್ವಾತ ಕೆಲವು ಸಲ ಬ್ರೇಕ್ ಒತ್ತುವಷ್ಟರಲ್ಲಿ ಮುಗಿದು, ಆಮೇಲೆ ಪೆಡಲು ಕಲ್ಲಿನಂತೆ ಗಟ್ಟಿಯಾಗುತ್ತದೆ, ಸ್ಟೀರಿಂಗೂ ಅದೇ ಹೊತ್ತಿಗೆ ಭಾರವಾಗುತ್ತದೆ. ಈ ಕೆಲಸವನ್ನು ನಾನು ಇಷ್ಟು ವಿವರವಾಗಿ ಬರೆಯುತ್ತಿರುವುದಕ್ಕೆ ಮುಖ್ಯ ಕಾರಣ ಇದೇ.

ಇನ್ನೊಂದು ಕಾರಣ ನನ್ನ ಸ್ವಂತ ಅನುಭವ. ಒಂದು ಮಳೆಗಾಲದಲ್ಲಿ ನನ್ನ ಜೀಪಿಗೆ ಎರಡು ಸಲ ಹೊಸ ಬೆಲ್ಟು ಹಾಕಿಸಿದೆ. ಎರಡು ಸಲವೂ ಸದ್ದು ನಿಂತು, ಮೂರನೆಯ ವಾರಕ್ಕೆ ಮತ್ತೆ ಶುರುವಾಯಿತು. ಕೊನೆಗೆ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಬೆಲ್ಟನ್ನು ಬಿಚ್ಚಿ ಪಕ್ಕಕ್ಕಿಟ್ಟು, ಬೆಲ್ಟನ್ನು ಬಿಗಿಯಾಗಿ ಹಿಡಿದಿಡುವ ಟೆನ್ಷನರಿನ ಪುಲ್ಲಿಯನ್ನು (ಬೆಲ್ಟು ಸುತ್ತುವ ಗಾಲಿಯನ್ನು) ನನ್ನ ಕೈಗೆ ತೋರಿಸಿ, "ಬೆಲ್ಟನ್ನು ಬಿಡಿ ಮಾರಾಯ್ರೆ, ಇದನ್ನು ಒಮ್ಮೆ ಅಲ್ಲಾಡಿಸಿ ನೋಡಿ" ಎಂದರು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದಾಗ ಪುಲ್ಲಿ ಸಡಿಲ ಹಲ್ಲಿನಂತೆ ಆಚೆ ಈಚೆ ಆಡಿತು. ಅದರ ತೋಳಿನ ಬುಡದಲ್ಲಿ, ಸ್ಪ್ರಿಂಗು ಅಡಗಿರುವ ಡಬ್ಬಿಯ ಅಂಚಿನ ಸುತ್ತ, ಅರಿಶಿನ ಕುಂಕುಮ ಬೆರೆತ ಬಣ್ಣದ ಸಣ್ಣ ಹುಡಿ ಗೆರೆ ಕಟ್ಟಿತ್ತು. ಅದು ಧೂಳಲ್ಲ, ಒಳಗಿನ ಲೋಹ ತುಕ್ಕು ಹಿಡಿದು ತೇದು ಹೊರಬಿದ್ದ ಪುಡಿ. ಬೆಲ್ಟು ಹಳತಾಗಿದೆ ಎಂದು ಗೊತ್ತಾದಾಗಲೇ ಟೆನ್ಷನರನ್ನೂ ಪರೀಕ್ಷಿಸಬೇಕು, ಅದೂ ಬೆಲ್ಟಿನಷ್ಟೇ ಓಡಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸಬೇಕು ಎಂಬುದು ಆ ದಿನದಿಂದ ನಾನು ಪಾಲಿಸುತ್ತಿರುವ ನಿಯಮ.

ಸದ್ದು ಎಲ್ಲಿಂದ ಬರುತ್ತಿದೆ

ಸ್ಪ್ಯಾನರು ಹಿಡಿಯುವ ಮೊದಲು ಕಿವಿಗೆ ಕೆಲಸ ಕೊಡಬೇಕು. ಬೆಲ್ಟಿನ ಭಾಗದಿಂದ ಬರುವ ಸದ್ದುಗಳಲ್ಲಿ ಮೂರು ಬಗೆಯಿವೆ. ಉದ್ದಕ್ಕೆ ಎಳೆದಂತೆ ಬರುವ "ಕೀಂ..." ಎಂಬ ಕಿರುಚು ಬೆಲ್ಟು ಪುಲ್ಲಿಯ ಮೇಲೆ ಜಾರುತ್ತಿರುವುದರ ಗುರುತು. ಗುಬ್ಬಚ್ಚಿಯಂತೆ ಬಿಟ್ಟು ಬಿಟ್ಟು ತಾಳಬದ್ಧವಾಗಿ ಬರುವ "ಚಿಂವ್ ಚಿಂವ್" ಸದ್ದು ಪುಲ್ಲಿಗಳು ಒಂದೇ ಸಾಲಿನಲ್ಲಿ ಇಲ್ಲದಿರುವುದರ ಗುರುತು. ಬೆಲ್ಟಿಗೆ ಸಂಬಂಧವಿಲ್ಲವೆಂಬಂತೆ ಕೇಳುವ, ಎಂಜಿನ್ನಿನ ವೇಗದೊಂದಿಗೆ ಏರುವ ಗರಗರ ಸದ್ದು ಯಾವುದೋ ಬೇರಿಂಗು ಹೋಗಿರುವುದರ ಗುರುತು.

ಬೆಳಗಿನ ಹೊತ್ತಿನಲ್ಲೇ ಕಿರುಚು ಜಾಸ್ತಿಯಾಗುವುದಕ್ಕೆ ಕಾರಣವಿದೆ. ಗ್ಲೋ ಪ್ಲಗ್ಗುಗಳು ಮತ್ತು ಸ್ಟಾರ್ಟರ್ ಮೋಟರು ಬ್ಯಾಟರಿಯಿಂದ ಎಳೆದುಕೊಂಡ ವಿದ್ಯುತ್ತನ್ನು ತುಂಬಿಸಲು ಆಲ್ಟರ್ನೇಟರು ಮೊದಲ ಕೆಲವು ನಿಮಿಷ ತನ್ನ ಶಕ್ತಿಯೆಲ್ಲ ಹಾಕಿ ದುಡಿಯುತ್ತದೆ, ಆಗ ಅದರ ಪುಲ್ಲಿ ತಿರುಗಲು ಹೆಚ್ಚು ಬಲ ಬೇಕಾಗುತ್ತದೆ, ಬಿಗಿ ಕಡಿಮೆಯಾದ ಬೆಲ್ಟು ಆ ಬಲ ಕೊಡಲಾಗದೆ ಜಾರುತ್ತದೆ. ಹೆಡ್‌ಲೈಟು, ವೈಪರು, ಏಸಿ ಎಲ್ಲವನ್ನೂ ಒಟ್ಟಿಗೆ ಹಾಕಿದಾಗ ಸದ್ದು ಮರಳಿ ಬಂದರೆ ಇದೇ ಕಾರಣವೆಂದು ತಿಳಿಯಬಹುದು. ಸ್ಟೀರಿಂಗನ್ನು ಒಂದು ಕೊನೆಯವರೆಗೆ ತಿರುಗಿಸಿದಾಗ ಮಾತ್ರ ಕಿರುಚಿದರೆ ಭಾರ ಬೀಳುತ್ತಿರುವುದು ಸ್ಟೀರಿಂಗ್ ಪಂಪಿನ ಮೇಲೆ.

ಜಾರುವಿಕೆಯನ್ನೂ ಸಾಲು ತಪ್ಪಿರುವುದನ್ನೂ ಬೇರ್ಪಡಿಸಲು ಇಸ್ತ್ರಿ ಮಾಡುವಾಗ ಬಟ್ಟೆಗೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿ ಸಾಕು. ಎಂಜಿನ್ನು ನಿಧಾನ ವೇಗದಲ್ಲಿ ಓಡುತ್ತಿರುವಾಗ, ಕೈಯನ್ನು ಬೆಲ್ಟಿನಿಂದ ಸಾಕಷ್ಟು ದೂರವಿಟ್ಟು, ಬೆಲ್ಟಿನ ಗೀರುಗಳಿರುವ (ಉದ್ದಕ್ಕೆ ಸಾಗುವ ಏಣುಗಳಿರುವ) ಒಳಮೈಗೆ ಸ್ವಲ್ಪ ನೀರು ಚಿಮುಕಿಸಬೇಕು. ಸದ್ದು ಕೂಡಲೇ ನಿಂತು ಕೆಲವು ಕ್ಷಣಗಳ ಬಳಿಕ ಮರಳಿದರೆ ಪುಲ್ಲಿಗಳ ಸಾಲಿನಲ್ಲಿ ದೋಷವಿದೆ. ನೀರು ಬಿದ್ದೊಡನೆ ಕಿರುಚು ಇನ್ನೂ ಜೋರಾದರೆ ಬಿಗಿ ಸಾಲುತ್ತಿಲ್ಲ, ಅಂದರೆ ಟೆನ್ಷನರು ಸೋತಿದೆ ಅಥವಾ ಬೆಲ್ಟು ಸವೆದಿದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಬೆಲ್ಟಿಗೆ ಸಾಬೂನು ಉಜ್ಜುವುದು, ಮೇಣದಬತ್ತಿ ಹಚ್ಚುವುದು, ಪೌಡರು ಹಾಕುವುದು, ಅಂಗಡಿಯಲ್ಲಿ ಸಿಗುವ ಅಂಟು ಸ್ಪ್ರೇ ಹೊಡೆಯುವುದು, ಇವು ಯಾವುವೂ ಬೇಡ. ಒಂದೆರಡು ದಿನ ಸದ್ದು ನಿಲ್ಲಬಹುದು. ಆದರೆ ಆ ಅಂಟಿಗೆ ನಮ್ಮ ಮುರಕಲ್ಲಿನ ಕೆಂಪು ಧೂಳು ಹಿಡಿದು ಪುಲ್ಲಿಯ ಮೇಲೆ ಗೀರು ಕೂರುವ ತಗ್ಗುಗಳಲ್ಲಿ ಗಟ್ಟಿಯಾಗಿ ಕೂತು, ಆಮೇಲೆ ಹಾಕುವ ಹೊಸ ಬೆಲ್ಟನ್ನೂ ಕೆಡಿಸುತ್ತದೆ.

ಬೆಲ್ಟು ಮತ್ತು ಟೆನ್ಷನರು ಕೊಳ್ಳುವಾಗ

ಬೆಲ್ಟಿನ ಬೆನ್ನ ಮೇಲೆ ಅಚ್ಚಾದ ಸಂಖ್ಯೆಯೇ ಅದರ ಜಾತಕ. ಉದಾಹರಣೆಗೆ 6ಪಿಕೆ1880 ಎಂದಿದ್ದರೆ, ಉದ್ದಕ್ಕೆ ಸಾಗುವ ಗೀರುಗಳು 6, ಪಿಕೆ ಎಂಬುದು ವಾಹನಗಳಲ್ಲಿ ಬಳಸುವ ಗೀರಿನ ಅಳತೆ, ಬೆಲ್ಟಿನ ಪರಿಣಾಮಕಾರಿ ಉದ್ದ 1880 ಮಿ.ಮೀ. ಪಿಕೆ ಅಳತೆಯಲ್ಲಿ ಒಂದು ಗೀರಿನಿಂದ ಇನ್ನೊಂದಕ್ಕೆ 3.56 ಮಿ.ಮೀ. ಅಂತರ ಇರುವುದರಿಂದ 6 ಗೀರಿನ ಬೆಲ್ಟು 21 ಮಿ.ಮೀ.ಗಿಂತ ತುಸು ಹೆಚ್ಚು ಅಗಲವಿರುತ್ತದೆ. ಒಂದೇ ಮಾದರಿಯ ಜೀಪಿನಲ್ಲಿ ಏಸಿ ಇರುವುದಕ್ಕೂ ಇಲ್ಲದ್ದಕ್ಕೂ ಉದ್ದ ಬೇರೆಯಾಗಬಹುದು, ಆದ್ದರಿಂದ ಗಾಡಿಯ ಹೆಸರು ಮಾತ್ರ ಹೇಳಿ ಬೆಲ್ಟು ತರಬಾರದು. ಸಂಖ್ಯೆ ಅಳಿಸಿಹೋಗಿದ್ದರೆ ಆರ್‌ಸಿಯಲ್ಲಿರುವ ಚಾಸಿಸ್ ಸಂಖ್ಯೆಯನ್ನು ಕೊಟ್ಟು ಬಿಡಿಭಾಗದ ಸಂಖ್ಯೆಯನ್ನು ತೆಗೆಸುವುದೇ ಸರಿಯಾದ ದಾರಿ. ಹಳೆಯ ಬೆಲ್ಟನ್ನು ಎಳೆದು ಅಳೆದರೆ ಬರುವ ಉದ್ದವನ್ನು ನಂಬಬಾರದು.

ಹಳೆಯ ಬೆಲ್ಟಿನ ಆಯುಸ್ಸನ್ನು ಬಿರುಕು ನೋಡಿ ಅಳೆಯುವ ಪದ್ಧತಿ ನಿಯೋಪ್ರೀನ್ ರಬ್ಬರಿನ ಕಾಲದ್ದು. ಈಗಿನ ಬೆಲ್ಟುಗಳು ಇಪಿಡಿಎಂ ಎಂಬ ರಬ್ಬರಿನಿಂದ ಆದವು. ಇವು ಬೇಗ ಬಿರಿಯುವುದಿಲ್ಲ, ಟಯರಿನಂತೆ ನಿಧಾನವಾಗಿ ಸವೆಯುತ್ತವೆ. ಗೀರುಗಳ ನಡುವಿನ ಕಣಿವೆ ಅಗಲವಾಗಿ, ಬೆಲ್ಟು ಪುಲ್ಲಿಯೊಳಗೆ ಆಳಕ್ಕೆ ಕೂತು, ಗೀರಿನ ಪಕ್ಕಗಳ ಬದಲು ತುದಿಗಳೇ ಪುಲ್ಲಿಯ ತಳಕ್ಕೆ ತಾಗತೊಡಗಿದಾಗ ಹಿಡಿತ ಹೋಗುತ್ತದೆ. ಹೀಗಾಗಿ ನೋಡಲು ಹೊಸದರಂತಿರುವ ಬೆಲ್ಟು ಕೂಡ ಜಾರಬಹುದು. ನೆಲದ ಮೇಲೆ ಹೊಸದನ್ನೂ ಹಳತನ್ನೂ ಮಡಚಿ ಅಕ್ಕಪಕ್ಕ ಹಿಡಿದು, ಗೀರುಗಳ ಮೇಲೆ ಉಗುರು ಎಳೆದು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಹೊಸದರಲ್ಲಿ ಉಗುರು ಪ್ರತಿ ಗೀರಿಗೂ ತಡೆದು ನಿಲ್ಲುತ್ತದೆ, ಹಳತರಲ್ಲಿ ಸ್ಲೇಟಿನ ಮೇಲೆ ಎಳೆದಂತೆ ಜಾರಿಕೊಂಡು ಹೋಗುತ್ತದೆ.

ಟೆನ್ಷನರನ್ನು ಇಡಿಯಾಗಿಯೇ ಕೊಳ್ಳಬೇಕು. ಪುಲ್ಲಿ ಅಥವಾ ಬೇರಿಂಗು ಮಾತ್ರ ಬದಲಿಸಿ ಹಣ ಉಳಿಸುವ ಸಲಹೆ ಸಿಗಬಹುದು. ಆದರೆ ಟೆನ್ಷನರಿನಲ್ಲಿ ಪುಲ್ಲಿಯ ಜೊತೆಗೆ ಸುರುಳಿ ಸ್ಪ್ರಿಂಗು ಮತ್ತು ತೋಳಿನ ಅಲುಗಾಟವನ್ನು ತಡೆಯುವ ಘರ್ಷಣೆಯ ಪದರವೂ ಇದೆ. ಡೀಸೆಲ್ ಎಂಜಿನ್ನಿನಲ್ಲಿ ಪ್ರತಿಯೊಂದು ಸಿಲಿಂಡರು ಉರಿದಾಗಲೂ ಬೆಲ್ಟನ್ನು ಎಳೆಯುವ ಕ್ರ್ಯಾಂಕ್ ಪುಲ್ಲಿ ಒಮ್ಮೆ ಮುನ್ನುಗ್ಗಿ ಮತ್ತೆ ತಡೆಯುತ್ತದೆ, ಈ ಏರಿಳಿತವನ್ನು ನುಂಗಿಕೊಳ್ಳುವುದು ಆ ಪದರದ ಕೆಲಸ. ಅದು ಸವೆದ ಮೇಲೆ ಹೊಸ ಪುಲ್ಲಿ ಹಾಕಿದರೂ ತೋಳು ನಡುಗುತ್ತಲೇ ಇರುತ್ತದೆ. ಬೆಲ್ಟಿನ ದಾರಿಯಲ್ಲಿ ಐಡ್ಲರ್ ಪುಲ್ಲಿ (ಬೆಲ್ಟಿಗೆ ದಾರಿ ತೋರಲು ಮಾತ್ರ ಇರುವ ಗಾಲಿ) ಇದ್ದರೆ ಅದನ್ನೂ ಇದೇ ಸಲಕ್ಕೆ ಬದಲಿಸುವುದು ಒಳ್ಳೆಯದು. ಎಲ್ಲದಕ್ಕೂ ಬಿಲ್ಲು ಪಡೆಯಿರಿ. ಅಚ್ಚು ಮಸುಕಾಗಿರುವ, ಅಂಚಿನಲ್ಲಿ ನೂಲು ಎದ್ದಿರುವ ಬೆಲ್ಟು ಎಷ್ಟೇ ಅಗ್ಗವಾಗಿ ಸಿಕ್ಕಿದರೂ ಬೇಡ.

ಸಲಕರಣೆಗಳು ಹೆಚ್ಚೇನೂ ಬೇಕಾಗಿಲ್ಲ. 10ರಿಂದ 19 ಮಿ.ಮೀ.ವರೆಗಿನ ಸಾಕೆಟ್ಟುಗಳು, ಟೆನ್ಷನರನ್ನು ತಿರುಗಿಸಲು ಅರ್ಧ ಇಂಚಿನ ಉದ್ದನೆಯ ಹಿಡಿ, ಬಿಗಿತ ಅಳೆಯುವ ಟಾರ್ಕ್ ರೆಂಚು, ಒಳ್ಳೆಯ ಟಾರ್ಚು, ಚಿಕ್ಕ ಕನ್ನಡಿ, ತಂತಿಯದಲ್ಲದ ಗಟ್ಟಿ ನೈಲಾನ್ ಬ್ರಷು, ಬ್ರೇಕ್ ಕ್ಲೀನರು, ಚಿಂದಿ ಬಟ್ಟೆ ಮತ್ತು ನೇರವಾದ ಉಕ್ಕಿನ ಅಳತೆಪಟ್ಟಿ ಇದ್ದರೆ ಸಾಕು.

ಕೆಲಸ ಶುರು ಮಾಡುವ ಮೊದಲು

ಎಂಜಿನ್ನು ಪೂರ್ತಿ ತಣ್ಣಗಾಗಿರಬೇಕು, ಗಾಡಿ ಸಮತಟ್ಟಾದ ಗಟ್ಟಿ ನೆಲದ ಮೇಲಿರಬೇಕು. ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲಿನ ಅಥವಾ ಮರದ ಅಡ್ಡ ಕೊಡಬೇಕು. ಫೋರ್ ವೀಲ್ ಡ್ರೈವಿನಲ್ಲಿ ಒಂದು ವಿಶೇಷ ಎಚ್ಚರಿಕೆ ಅಗತ್ಯ. ಎಂಜಿನ್ನಿನ ಬಲವನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಲಿವರು ನ್ಯೂಟ್ರಲ್ಲಿನಲ್ಲಿ ಉಳಿದಿದ್ದರೆ ಮೊದಲ ಗೇರಿನಲ್ಲಿ ಇಟ್ಟರೂ ಗಾಡಿಯನ್ನು ಗೇರು ಹಿಡಿದಿಡುವುದಿಲ್ಲ. ಲಿವರು ಟೂ ವೀಲ್ ಅಥವಾ ಫೋರ್ ವೀಲ್ ಸ್ಥಾನದಲ್ಲಿ ಸರಿಯಾಗಿ ಕೂತಿದೆಯೇ ಎಂದು ನೋಡಿಕೊಳ್ಳಿ. ಕೊನೆಯಲ್ಲಿ ಎಂಜಿನ್ನನ್ನು ಕೈಯಿಂದ ತಿರುಗಿಸುವ ಹೊತ್ತಿಗೆ ಗೇರನ್ನು ನ್ಯೂಟ್ರಲ್ಲಿಗೆ ತರಬೇಕಾಗುವುದರಿಂದ ಚಕ್ರದ ಅಡ್ಡ ಕಡ್ಡಾಯ.

ಕೀಲಿ ಕೈಯನ್ನು ತೆಗೆದು ಜೇಬಿನಲ್ಲಿಟ್ಟುಕೊಳ್ಳಿ. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿ ಪಕ್ಕಕ್ಕೆ ಸರಿಸಿ. ರೇಡಿಯೇಟರಿಗೆ ವಿದ್ಯುತ್ ಫ್ಯಾನ್ ಇರುವ ಗಾಡಿಗಳಲ್ಲಿ ಎಂಜಿನ್ನು ನಿಂತಿದ್ದರೂ ಬಿಸಿಗೆ ಫ್ಯಾನು ತಾನಾಗಿ ಸುತ್ತಬಹುದು, ಬೆರಳುಗಳು ಅದರ ಪಕ್ಕದಲ್ಲೇ ಕೆಲಸ ಮಾಡುತ್ತಿರುತ್ತವೆ. ಹೆಗಲ ಮೇಲಿನ ಬೈರಾಸನ್ನು (ಟವೆಲನ್ನು), ಕೊರಳಿನ ಸರವನ್ನು, ಕೈಯ ಉಂಗುರವನ್ನು ತೆಗೆದಿಡಿ. ಲುಂಗಿ ಉಟ್ಟು ಈ ಕೆಲಸ ಬೇಡ. ಸೆಕೆಗೆ ಬೈರಾಸು ಹೆಗಲ ಮೇಲೇ ಇರುವುದು ನಮ್ಮ ಕಡೆಯ ರೂಢಿ, ಆದರೆ ತಿರುಗುವ ಪುಲ್ಲಿ ಅದರ ಒಂದು ನೂಲನ್ನು ಹಿಡಿದರೂ ಕೈ ಬಿಡಿಸಿಕೊಳ್ಳಲು ಸಮಯ ಸಿಗುವುದಿಲ್ಲ.

ಈಗ ಬೆಲ್ಟು ಸಾಗುವ ದಾರಿಯನ್ನು ದಾಖಲಿಸಿಕೊಳ್ಳಿ. ಕೆಲವು ಗಾಡಿಗಳ ಬಾನೆಟ್ಟಿನ ಒಳಭಾಗದಲ್ಲಿ ಇದರ ಚಿತ್ರದ ಸ್ಟಿಕ್ಕರು ಇರುತ್ತದೆ, ಹಳೆಯ ಗಾಡಿಗಳಲ್ಲಿ ಅದು ಬಿಸಿಗೆ ಮಾಸಿಹೋಗಿರುತ್ತದೆ. ಮೊಬೈಲಿನಲ್ಲಿ ಎರಡು ಮೂರು ಕೋನಗಳಿಂದ ಫೋಟೊ ತೆಗೆದ ಮೇಲೂ ಒಂದು ಕಾಗದದಲ್ಲಿ ಕೈಯಿಂದ ಚಿತ್ರ ಬರೆದುಕೊಳ್ಳಿ ಎಂದು ನಾನು ಹೇಳುತ್ತೇನೆ. ಯಾವ ಪುಲ್ಲಿಗೆ ಗೀರಿನ ಮೈ ತಾಗುತ್ತದೆ, ಯಾವುದಕ್ಕೆ ನಯವಾದ ಬೆನ್ನು ತಾಗುತ್ತದೆ ಎಂಬುದು ಫೋಟೊದ ಕತ್ತಲಲ್ಲಿ ಕಾಣುವುದಿಲ್ಲ, ಕೈ ಬರೆಯುವಾಗ ಮಾತ್ರ ಗಮನಕ್ಕೆ ಬರುತ್ತದೆ.

ಹಳೆಯ ಬೆಲ್ಟನ್ನು ಬಿಚ್ಚುವುದು

ದಾರಿಗೆ ಅಡ್ಡವಾಗುವ ಗಾಳಿಯ ಕೊಳವೆ, ಫ್ಯಾನಿನ ಮುಚ್ಚಳದ ಮೇಲ್ಭಾಗ, ಅಡಿಯ ಕೆಸರು ತಡೆಯುವ ತಗಡು, ಇವುಗಳನ್ನು ಮೊದಲು ಬಿಚ್ಚಿ. ಎಂಜಿನ್ನಿಗೇ ಜೋಡಿಸಿದ ವಿಸ್ಕಸ್ ಫ್ಯಾನು ಇದ್ದಲ್ಲಿ ಕೆಲವು ಗಾಡಿಗಳಲ್ಲಿ ಅದನ್ನೂ ತೆಗೆಯಬೇಕಾಗುತ್ತದೆ. ಅದರ ನಟ್ಟು ಉಲ್ಟಾ ಮರೆಯದ್ದಾಗಿರುವ (ಥ್ರೆಡ್ಡು ತಿರುವುಮುರುವಾಗಿರುವ) ಸಾಧ್ಯತೆ ಇರುವುದರಿಂದ, ಬಲ ಹಾಕುವ ಮೊದಲು ಬಿಚ್ಚುವ ದಿಕ್ಕನ್ನು ಗಾಡಿಯ ಕೈಪಿಡಿಯಲ್ಲಿ ಖಚಿತಪಡಿಸಿಕೊಳ್ಳಿ.

ಸ್ಪ್ರಿಂಗಿನ ಟೆನ್ಷನರಿನ ತೋಳಿನಲ್ಲಿ ಹಿಡಿ ಸಿಕ್ಕಿಸಲು ಚೌಕದ ತೂತು ಅಥವಾ ಸಾಕೆಟ್ಟು ಕೂರುವ ಷಡ್ಭುಜದ ತಲೆ ಇರುತ್ತದೆ. ಉದ್ದನೆಯ ಹಿಡಿಯನ್ನು ಅಲ್ಲಿ ಕೂರಿಸಿ, ಪುಲ್ಲಿ ಬೆಲ್ಟಿನಿಂದ ದೂರ ಸರಿಯುವ ದಿಕ್ಕಿಗೆ ನಿಧಾನವಾಗಿ, ಒಂದೇ ಸಮನೆ ಒತ್ತಬೇಕು. ತೋಳು ಸರಿದು ಬೆಲ್ಟು ಸಡಿಲವಾದಾಗ ಇನ್ನೊಂದು ಕೈಯಿಂದ ಅದನ್ನು ಸುಲಭವಾಗಿ ಕೈಗೆಟಕುವ ಒಂದು ಪುಲ್ಲಿಯಿಂದ ಜಾರಿಸಿ. ಆಮೇಲೆ ಹಿಡಿಯನ್ನು ಬಿಟ್ಟುಬಿಡಬೇಡಿ, ಬಂದಷ್ಟೇ ನಿಧಾನವಾಗಿ ತೋಳನ್ನು ಹಿಂದಕ್ಕೆ ತನ್ನಿ. ಆ ಸ್ಪ್ರಿಂಗಿಗೆ ಬೆರಳಿನ ಮೂಳೆ ಮುರಿಯುವಷ್ಟು ಬಲವಿದೆ. ಹಿಡಿ ಜಾರಿದರೆ ಎಲ್ಲಿಗೆ ಬಡಿಯುತ್ತದೆ ಎಂದು ಮೊದಲೇ ನೋಡಿ, ಮುಖವೂ ಮೊಣಕೈಯೂ ರೇಡಿಯೇಟರೂ ಆ ದಾರಿಯಲ್ಲಿ ಇರದಂತೆ ನಿಂತುಕೊಳ್ಳಿ.

ಬೆಲ್ಟು ಹೊರಬಂದ ಮೇಲೆ ಪ್ರತಿಯೊಂದು ಪುಲ್ಲಿಯನ್ನೂ ಕೈಯಿಂದ ತಿರುಗಿಸಿ

ಈ ಅರ್ಧ ಗಂಟೆಯೇ ಇಡೀ ಕೆಲಸದ ಸಾರ, ಗ್ಯಾರೇಜಿನ ಅವಸರದಲ್ಲಿ ಬಿಟ್ಟುಹೋಗುವುದೂ ಇದೇ. ಬೆಲ್ಟಿನ ಭಾರವಿಲ್ಲದೆ ಪ್ರತಿಯೊಂದು ಪುಲ್ಲಿಯೂ ತನ್ನ ನಿಜಸ್ಥಿತಿಯನ್ನು ಹೇಳುತ್ತದೆ.

ಐಡ್ಲರನ್ನು ಬೆರಳಿನಿಂದ ಬೀಸಿ ಬಿಡಿ. ಹೊಸ ಬೇರಿಂಗಿನಲ್ಲಿ ಗ್ರೀಸು ತುಂಬಿರುವುದರಿಂದ ಅದು ಒಂದೆರಡು ಸುತ್ತಿಗೆ ಮೌನವಾಗಿ ನಿಲ್ಲಬೇಕು. ಸೈಕಲ್ ಚಕ್ರದಂತೆ ಬಹಳ ಹೊತ್ತು ಸರಾಗವಾಗಿ ತಿರುಗಿದರೆ ಅನೇಕರು ಸಂತೋಷಪಡುತ್ತಾರೆ, ಆದರೆ ಅದು ಒಳಗಿನ ಗ್ರೀಸು ಒಣಗಿ ಹೋಗಿರುವುದರ ಲಕ್ಷಣ. ಮರಳು ಅರೆದಂತೆ ಸದ್ದು ಬಂದರೂ ಬದಲಿಸಲೇಬೇಕು. ಮಲ್ಪೆ, ಪಡುಬಿದ್ರಿ, ತಣ್ಣೀರುಬಾವಿಯ ಕಡಲತೀರದ ಮರಳಿನಲ್ಲಿ ಓಡಾಡಿದ ಜೀಪುಗಳಲ್ಲಿ ಈ ಬೇರಿಂಗುಗಳೇ ಮೊದಲು ಹೋಗುತ್ತವೆ ಎಂಬುದು ನಾನು ಕಂಡ ಸಂಗತಿ.

ವಾಟರ್ ಪಂಪಿನ ಪುಲ್ಲಿಯನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿ ನೋಡಿ, ಸ್ವಲ್ಪವೂ ಆಟ ಇರಬಾರದು. ಅದರ ಅಡಿಯಲ್ಲಿರುವ ಚಿಕ್ಕ ರಂಧ್ರದ ಕೆಳಗೆ ಹಸಿರು, ಕೆಂಪು ಅಥವಾ ಬಿಳಿ ಬಣ್ಣದ ಒಣ ಕಲೆ ಇದ್ದರೆ ಕೂಲಂಟು ಸೋರುತ್ತಿದೆ ಎಂದರ್ಥ. ಆಗ ಪಂಪು ಬದಲಿಸದೆ ಹೊಸ ಬೆಲ್ಟು ಹಾಕುವುದು ವ್ಯರ್ಥ, ಕೂಲಂಟು ಬಿದ್ದ ಬೆಲ್ಟು ಕಿರುಚದೆ ಇರುವುದಿಲ್ಲ.

ಆಲ್ಟರ್ನೇಟರಿನ ಪುಲ್ಲಿಯನ್ನು ವಿಶೇಷವಾಗಿ ಗಮನಿಸಬೇಕು. ಈಚಿನ ಅನೇಕ ಡೀಸೆಲ್ ಗಾಡಿಗಳಲ್ಲಿ ಅದು ಒಂದು ದಿಕ್ಕಿಗೆ ಮಾತ್ರ ಹಿಡಿದು, ಇನ್ನೊಂದು ದಿಕ್ಕಿಗೆ ಬಿಟ್ಟು ತಿರುಗುವ ಕ್ಲಚ್ ಪುಲ್ಲಿಯಾಗಿರುತ್ತದೆ. ಒಳಗಿನ ಅಕ್ಷವನ್ನು ತಡೆದು ಹಿಡಿದು ತಿರುಗಿಸಿದಾಗ ಅದು ಎರಡೂ ಕಡೆಗೆ ಹಿಡಿದರೂ ಕೆಟ್ಟಿದೆ, ಎರಡೂ ಕಡೆಗೆ ಬಿಟ್ಟರೂ ಕೆಟ್ಟಿದೆ. ಸಿಕ್ಕಿಹಾಕಿಕೊಂಡ ಕ್ಲಚ್ ಪುಲ್ಲಿ ಬೆಲ್ಟನ್ನು ಎಳೆದಾಡುತ್ತ ಹೊಸ ಟೆನ್ಷನರನ್ನೂ ಬೇಗ ಸವೆಸುತ್ತದೆ.

ಕ್ರ್ಯಾಂಕ್ ಪುಲ್ಲಿಯ ಹೊರಬಳೆಗೂ ನಡುವಿನ ಗುಂಬಕ್ಕೂ ಮಧ್ಯೆ ರಬ್ಬರಿನ ಉಂಗುರ ಇದ್ದರೆ ಅದು ಉಬ್ಬಿದೆಯೇ, ಬಿರಿದಿದೆಯೇ ಎಂದು ಟಾರ್ಚು ಹಿಡಿದು ನೋಡಿ. ಆ ಬಳೆ ತುಸುವೇ ಜರುಗಿದರೂ ಬೆಲ್ಟಿನ ಸಾಲು ತಪ್ಪುತ್ತದೆ. ಎಂಜಿನ್ನಿನ ಮುಂದಿನ ಸೀಲಿನಿಂದ ಆಯಿಲು ಸೋರುತ್ತಿದ್ದರೆ ಅದನ್ನು ಮೊದಲು ಸರಿಪಡಿಸಬೇಕು.

ಕೊನೆಗೆ ಎಲ್ಲ ಪುಲ್ಲಿಗಳ ತಗ್ಗುಗಳನ್ನೂ ಒಣ ನೈಲಾನ್ ಬ್ರಷಿನಿಂದ ಉಜ್ಜಿ, ಚಿಂದಿಗೆ ಬ್ರೇಕ್ ಕ್ಲೀನರು ಹಾಕಿ ಒರೆಸಿ. ಮುರಮಣ್ಣಿನ ಕೆಸರು ಒಣಗಿದ ಮೇಲೆ ಸಿಮೆಂಟಿನಂತೆ ಹಿಡಿದಿರುತ್ತದೆ, ಒಂದು ಚಿಕ್ಕ ಹರಳು ಉಳಿದರೂ ಅದು ಪ್ರತಿ ಸುತ್ತಿಗೂ ಬೆಲ್ಟಿನ ಅದೇ ಗೀರನ್ನು ಕೊರೆಯುತ್ತದೆ. ಕಡಲ ಗಾಳಿಯಿಂದ ಬಂದ ಮೇಲ್ಮೈ ತುಕ್ಕನ್ನು ನಯವಾದ ಸ್ಟೀಲ್ ವೂಲಿನಿಂದ (ಉಕ್ಕಿನ ನಾರಿನಿಂದ) ತೆಗೆಯಬಹುದು. ತುಕ್ಕು ಗುಳಿ ಬಿದ್ದಷ್ಟು ಆಳವಾಗಿದ್ದರೆ ಪುಲ್ಲಿಯನ್ನೇ ಬದಲಿಸಬೇಕು.

ಟೆನ್ಷನರ್ ಬದಲಾವಣೆ

ಹಳೆಯ ಟೆನ್ಷನರನ್ನು ಹಿಡಿದಿರುವ ಬೋಲ್ಟುಗಳನ್ನು ಬಿಚ್ಚುವ ಮುನ್ನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟರೆ ಕರಾವಳಿಯ ಗಾಡಿಗಳಲ್ಲಿ ಬಹಳ ಅನುಕೂಲ. ಉಕ್ಕಿನ ಬೋಲ್ಟು ಅಲ್ಯೂಮಿನಿಯಂ ಮೈಯೊಳಗೆ ಕೂತಿರುವಲ್ಲಿ ಉಪ್ಪಿನ ಗಾಳಿ ಎರಡನ್ನೂ ಕಚ್ಚಿಸಿಬಿಟ್ಟಿರುತ್ತದೆ. ಒಮ್ಮೆಲೇ ಎಳೆದರೆ ಬೋಲ್ಟಿನ ತಲೆ ಕತ್ತರಿಸುತ್ತದೆ. ಸ್ವಲ್ಪ ಬಿಚ್ಚಿ, ಸ್ವಲ್ಪ ಬಿಗಿದು, ಮತ್ತೆ ಬಿಚ್ಚುತ್ತ ತಾಳ್ಮೆಯಿಂದ ಹೊರತೆಗೆಯಬೇಕು. ಆದರೆ ಆ ಎಣ್ಣೆಯ ಒಂದು ಹನಿಯೂ ಪುಲ್ಲಿಯ ಮೇಲೆ ಉಳಿಯಬಾರದು.

ಟೆನ್ಷನರಿನ ಬೆನ್ನಲ್ಲಿ ಒಂದು ಚಿಕ್ಕ ಗೂಟ ಇರುತ್ತದೆ, ಅದು ಎಂಜಿನ್ನಿನ ಮೈಯಲ್ಲಿರುವ ತೂತಿಗೆ ಸರಿಯಾಗಿ ಕೂರಬೇಕು. ಕೂರುವ ಮೈಯನ್ನು ಚೊಕ್ಕಟವಾಗಿ ಒರೆಸಿ, ಗೂಟವನ್ನು ತೂತಿಗೆ ಹೊಂದಿಸಿ, ಬೋಲ್ಟುಗಳನ್ನು ಮೊದಲು ಬೆರಳಿನಿಂದಲೇ ತಿರುಗಿಸಿ. ಗೂಟ ತೂತಿಗೆ ಇಳಿಯದೆ ಬೋಲ್ಟು ಬಿಗಿದರೆ ಟೆನ್ಷನರು ಓರೆಯಾಗಿ ನಿಲ್ಲುತ್ತದೆ, "ಚಿಂವ್ ಚಿಂವ್" ಸದ್ದು ಮೊದಲ ದಿನದಿಂದಲೇ ಶುರು.

ಬಿಗಿತಕ್ಕೆ ಗಾಡಿಯ ಕೈಪಿಡಿಯಲ್ಲಿರುವ ಅಂಕಿಯೇ ಪ್ರಮಾಣ. ಕೈಪಿಡಿ ಸಿಗದಿದ್ದಲ್ಲಿ ಸಾಧಾರಣ ಅಂದಾಜಿಗೆ, 8.8 ದರ್ಜೆಯ 8 ಮಿ.ಮೀ. ಬೋಲ್ಟಿಗೆ 20ರಿಂದ 25 ನ್ಯೂಟನ್ ಮೀಟರ್, 10 ಮಿ.ಮೀ. ಬೋಲ್ಟಿಗೆ 40ರಿಂದ 50 ನ್ಯೂಟನ್ ಮೀಟರ್ ಎಂದಿಟ್ಟುಕೊಳ್ಳಬಹುದು. ಇಲ್ಲಿ ಹೇಳಿದ 8 ಮತ್ತು 10 ಬೋಲ್ಟಿನ ಮರೆಯ ದಪ್ಪವೇ ಹೊರತು ಸ್ಪ್ಯಾನರಿನ ಅಳತೆಯಲ್ಲ. ಅಲ್ಯೂಮಿನಿಯಂ ಮೈಗೆ ಬಿಗಿಯುವಾಗ ಕೆಳಗಿನ ಅಂಕಿಯಲ್ಲೇ ನಿಲ್ಲುವುದು ಕ್ಷೇಮ.

ಕೆಲವು ಹೊಸ ಟೆನ್ಷನರುಗಳು ಒತ್ತಿ ಹಿಡಿದ ಸ್ಥಿತಿಯಲ್ಲಿ ಒಂದು ಪಿನ್ನು ಸಿಕ್ಕಿಸಿ ಬಂದಿರುತ್ತವೆ. ಬೆಲ್ಟು ಪೂರ್ತಿ ಹಾಕಿದ ಮೇಲಷ್ಟೇ ಆ ಪಿನ್ನನ್ನು ಎಳೆಯಬೇಕು, ಅದೂ ಹಿಡಿಯಿಂದ ತೋಳಿನ ಭಾರವನ್ನು ತೆಗೆದುಕೊಂಡು. ಪುಲ್ಲಿಯ ನಡುವಿನ ಬೋಲ್ಟು ಕೆಲವು ಮಾದರಿಗಳಲ್ಲಿ ಉಲ್ಟಾ ಮರೆಯದ್ದಾಗಿರುವುದರಿಂದ ಅದನ್ನು ಸುಮ್ಮನೆ ತಿರುಗಿಸಲು ಹೋಗಬೇಡಿ.

ಟೆನ್ಷನರು ಕೂತ ಮೇಲೆ ಉಕ್ಕಿನ ಅಳತೆಪಟ್ಟಿಯನ್ನು ಅಕ್ಕಪಕ್ಕದ ಎರಡು ಪುಲ್ಲಿಗಳ ಮುಖಕ್ಕೆ ಅಡ್ಡ ಹಿಡಿದು ನೋಡಿ. ಒಂದೇ ದಪ್ಪದ ಪುಲ್ಲಿಗಳಾದರೆ ಪಟ್ಟಿ ಎರಡಕ್ಕೂ ಸಮವಾಗಿ ತಾಗಬೇಕು.

ಹೊಸ ಬೆಲ್ಟು ಹಾಕುವುದು

ಕೈಗಳನ್ನು ತೊಳೆದು ಒರೆಸಿಕೊಂಡು ಬೆಲ್ಟನ್ನು ಮುಟ್ಟಿ, ಗ್ರೀಸಿನ ಬೆರಳಿನಿಂದ ಬೇಡ. ಕ್ರ್ಯಾಂಕ್ ಪುಲ್ಲಿಯಿಂದ ಶುರುಮಾಡಿ, ಬರೆದಿಟ್ಟ ಚಿತ್ರದಂತೆ ಒಂದೊಂದೇ ಪುಲ್ಲಿಗೆ ಬೆಲ್ಟನ್ನು ಕೂರಿಸುತ್ತ ಬನ್ನಿ. ಗೀರುಗಳಿಲ್ಲದ ನಯವಾದ ಒಂದು ಪುಲ್ಲಿಯನ್ನು ಕೊನೆಗೆ ಉಳಿಸಿಕೊಂಡರೆ ಬೆಲ್ಟು ಅದರ ಮೇಲೆ ಸುಲಭವಾಗಿ ಜಾರುತ್ತದೆ. ಟೆನ್ಷನರನ್ನು ಮತ್ತೆ ಒತ್ತಿ ಹಿಡಿದು ಕೊನೆಯ ಪುಲ್ಲಿಗೆ ಬೆಲ್ಟು ಏರಿಸಿ, ತೋಳನ್ನು ನಿಧಾನವಾಗಿ ಬಿಡಿ. ಸ್ಕ್ರೂ ಡ್ರೈವರಿನಿಂದ ಮೀಟಿ ಏರಿಸಬೇಕಾಗುತ್ತಿದೆ ಎಂದಾದರೆ ಬೆಲ್ಟಿನ ಉದ್ದವೋ ಹಾದಿಯೋ ತಪ್ಪಿದೆ, ಅಲ್ಲಿಗೇ ನಿಲ್ಲಿಸಿ ಪರಿಶೀಲಿಸಿ. ಹಾಗೆ ಮೀಟಿದಾಗ ಒಳಗಿನ ನೂಲು ಕಡಿದದ್ದು ಹೊರಗೆ ಕಾಣುವುದಿಲ್ಲ.

ಈ ಕೆಲಸದಲ್ಲಿ ಹೆಚ್ಚಾಗಿ ಆಗುವ ತಪ್ಪೆಂದರೆ ಬೆಲ್ಟು ಒಂದು ಗೀರು ಪಕ್ಕಕ್ಕೆ ಜರುಗಿ ಕೂರುವುದು. ಮೇಲಿನಿಂದ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಕೆಳಗಿನ ಕ್ರ್ಯಾಂಕ್ ಪುಲ್ಲಿಯಲ್ಲಿ ಮಾತ್ರ ಒಂದು ಗೀರು ಹೊರಗೆ ತೂಗುತ್ತಿರುತ್ತದೆ, ಕೆಲವೇ ಕಿಲೋಮೀಟರಿನಲ್ಲಿ ಅದು ಸೀಳಿ ಬಾರುಕೋಲಿನಂತೆ ಸುತ್ತಲಿನ ತಂತಿ ಕೊಳವೆಗಳನ್ನು ಬಡಿಯುತ್ತದೆ. ಆದ್ದರಿಂದ ಪ್ರತಿ ಪುಲ್ಲಿಯ ಎರಡೂ ಅಂಚಿನ ಮೇಲೆ ಬೆರಳಿಟ್ಟು, ಕಣ್ಣಿಗೆ ಕಾಣದಲ್ಲಿ ಕನ್ನಡಿ ಹಿಡಿದು, ಬೆಲ್ಟು ನಟ್ಟನಡುವೆ ಕೂತಿದೆ ಎಂದು ಖಚಿತಪಡಿಸಿಕೊಳ್ಳಿ. ಅನಂತರ ಗೇರನ್ನು ನ್ಯೂಟ್ರಲ್ಲಿಗೆ ತಂದು, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸಾಕೆಟ್ಟು ಹಾಕಿ, ಎಂಜಿನ್ನನ್ನು ಅದು ಓಡುವ ದಿಕ್ಕಿನಲ್ಲೇ ಕೈಯಿಂದ ಎರಡು ಸುತ್ತು ತಿರುಗಿಸಿ ಇನ್ನೊಮ್ಮೆ ನೋಡಿ.

ಸ್ಪ್ರಿಂಗಿನ ಟೆನ್ಷನರು ಇಲ್ಲದ ಹಳೆಯ ಜೀಪುಗಳಲ್ಲಿ ವಿ ಆಕಾರದ ಬೆಲ್ಟನ್ನು ಆಲ್ಟರ್ನೇಟರನ್ನೇ ಸರಿಸಿ ಬಿಗಿಯಬೇಕು. ಅಡಿಯ ತಿರುಗು ಬೋಲ್ಟನ್ನೂ ಮೇಲಿನ ಸೀಳಿನ ಬೋಲ್ಟನ್ನೂ ಸಡಿಲಿಸಿ, ಮರದ ತುಂಡಿನಿಂದ ಆಲ್ಟರ್ನೇಟರಿನ ಗಟ್ಟಿ ಭಾಗಕ್ಕೆ ಮೀಟಿ ಹಿಡಿದು ಬೋಲ್ಟು ಬಿಗಿಯಿರಿ. ಅತ್ಯಂತ ಉದ್ದನೆಯ ಎಳೆಯ ನಡುವೆ ಹೆಬ್ಬೆರಳಿನಿಂದ ಗಟ್ಟಿಯಾಗಿ, ಸುಮಾರು 10 ಕಿಲೋ ಭಾರದಷ್ಟು ಒತ್ತಿದಾಗ ಅದು 10ರಿಂದ 15 ಮಿ.ಮೀ. ತಗ್ಗಬೇಕು. ಕಿರುಚು ನಿಲ್ಲಲಿ ಎಂದು ಅತಿಯಾಗಿ ಬಿಗಿದರೆ ವಾಟರ್ ಪಂಪಿನ ಮತ್ತು ಆಲ್ಟರ್ನೇಟರಿನ ಬೇರಿಂಗುಗಳು ಅಕಾಲದಲ್ಲಿ ಹೋಗುತ್ತವೆ. ಹೊಸ ವಿ ಬೆಲ್ಟು ಮೊದಲ ದಿನಗಳಲ್ಲಿ ಸ್ವಲ್ಪ ಹಿಗ್ಗುವುದರಿಂದ 200 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಲೇಬೇಕು.

ಸ್ಟಾರ್ಟ್ ಮಾಡಿ ಪರೀಕ್ಷಿಸುವುದು

ಬಿಚ್ಚಿದ ಭಾಗಗಳನ್ನೆಲ್ಲ ಮರಳಿ ಕೂರಿಸಿ, ಸಲಕರಣೆಗಳನ್ನು ಎಣಿಸಿ, ಬ್ಯಾಟರಿಯ ತಂತಿ ಜೋಡಿಸಿ. ಇನ್ನೊಬ್ಬರು ಸ್ಟಾರ್ಟ್ ಮಾಡುವಾಗ ನೀವು ಬೆಲ್ಟಿನ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ಸರಿದು ನೋಡಿ. ಟೆನ್ಷನರಿನ ತೋಳು ಹೆಚ್ಚುಕಡಿಮೆ ಸ್ಥಿರವಾಗಿ ನಿಂತಿರಬೇಕು. ಸಣ್ಣ ಮಿಡಿತ ಸಹಜ, ಕಣ್ಣಿಗೆ ಹೊಡೆಯುವಂತೆ ಕುಣಿಯುತ್ತಿದ್ದರೆ ಕ್ಲಚ್ ಪುಲ್ಲಿಯನ್ನು ಅಥವಾ ಕ್ರ್ಯಾಂಕ್ ಪುಲ್ಲಿಯನ್ನು ಮತ್ತೆ ಪರೀಕ್ಷಿಸಬೇಕು. ಹೆಡ್‌ಲೈಟು, ಏಸಿ, ಬ್ಲೋವರು ಎಲ್ಲವನ್ನೂ ಹಾಕಿ, ಸ್ಟೀರಿಂಗನ್ನು ಎರಡೂ ಕಡೆಗೆ ತಿರುಗಿಸಿ ನೋಡಿ. ಮಲ್ಟಿಮೀಟರು ಇದ್ದರೆ ಬ್ಯಾಟರಿಯ ಎರಡು ತುದಿಗಳಲ್ಲಿ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟು ಸಿಗಬೇಕು. ಬ್ರೇಕ್ ಪೆಡಲನ್ನು ಕೆಲವು ಸಲ ಒತ್ತಿ ಅದರ ಮೃದುತನವನ್ನೂ ಖಚಿತಪಡಿಸಿಕೊಂಡ ಬಳಿಕವೇ ರಸ್ತೆಗೆ ಇಳಿಯಿರಿ. ಮರುದಿನ ಬೆಳಿಗ್ಗೆ ತಣ್ಣನೆಯ ಎಂಜಿನ್ನಿನಲ್ಲಿ ಕೇಳುವ ಮೊದಲ ನಿಮಿಷವೇ ನಿಜವಾದ ಪರೀಕ್ಷೆ.

ಮುಂದಿನ ಆರೈಕೆ

ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ ಸುರಿಯುವ ನಾಡಿನಲ್ಲಿ ಬೆಲ್ಟಿನ ಲೆಕ್ಕ ಕಿಲೋಮೀಟರಿನಿಂದ ಮಾತ್ರ ಆಗುವುದಿಲ್ಲ. ನಾನು ಮೇ ತಿಂಗಳ ಕೊನೆಗೆ, ಮಳೆ ಹಿಡಿಯುವ ಮೊದಲು, ಒಮ್ಮೆ ಬೆಲ್ಟನ್ನು ಕಳಚಿ ಪುಲ್ಲಿಗಳನ್ನು ಕೈಯಿಂದ ತಿರುಗಿಸಿ ನೋಡುತ್ತೇನೆ. ಗದ್ದೆಯ ಕೆಸರಿನಲ್ಲಿ, ತುಂಬಿದ ತೋಡಿನಲ್ಲಿ ಅಥವಾ ಮಂಗಳೂರಿನ ಕೊಟ್ಟಾರ ಚೌಕಿಯಂಥ ಕಡೆ ನಿಂತ ನೀರಿನಲ್ಲಿ ಗಾಡಿ ಸಾಗಿದ್ದರೆ, ಮನೆಗೆ ಬಂದು ಎಂಜಿನ್ನು ತಣಿದ ಮೇಲೆ ಬೆಲ್ಟಿನ ಭಾಗಕ್ಕೆ ಸಾದಾ ನಲ್ಲಿ ನೀರು ಹಾಯಿಸಿ ಕೆಸರನ್ನು ತೆಗೆಯಿರಿ. ಒತ್ತಡದ ನೀರನ್ನು ಬೇರಿಂಗುಗಳಿಗೂ ಆಲ್ಟರ್ನೇಟರಿಗೂ ನೇರ ಹೊಡೆಯಬಾರದು, ಸೀಲು ದಾಟಿ ಒಳಹೊಕ್ಕ ನೀರು ಹೊರಗೆ ಬರುವುದಿಲ್ಲ.

ಘಾಟಿಯಲ್ಲಿ ಬೆಲ್ಟು ಕಡಿದರೆ ಮೊದಲು ಬ್ಯಾಟರಿಯ ಕೆಂಪು ದೀಪ ಹೊತ್ತಿ ಸ್ಟೀರಿಂಗ್ ಭಾರವಾಗುತ್ತದೆ. ಬ್ರೇಕನ್ನು ಬಿಟ್ಟು ಬಿಟ್ಟು ತುಳಿಯದೆ ಒಂದೇ ಸಮನೆ ಒತ್ತಿ, ಕೆಳಗಿನ ಗೇರಿನಲ್ಲಿ ವೇಗ ತಗ್ಗಿಸಿ, ಸಿಗುವ ಮೊದಲ ಅಗಲ ಜಾಗದಲ್ಲಿ ನಿಲ್ಲಿಸಿ, ನಿಂತ ಕೂಡಲೇ ಎಂಜಿನ್ನು ಆರಿಸಿ. ವಾಟರ್ ಪಂಪು ನಿಂತ ಎಂಜಿನ್ನನ್ನು ಇನ್ನೊಂದು ತಿರುವು ದಾಟಿಸೋಣ ಎಂದು ಓಡಿಸಿದರೆ ಹೆಡ್ ಗ್ಯಾಸ್ಕೆಟ್ಟು ಸುಡುತ್ತದೆ. ಬಿಚ್ಚಿದ ಹಳೆಯ ಬೆಲ್ಟು ಸವೆದಿದ್ದರೂ ಹರಿದಿರದಿದ್ದರೆ ಅದನ್ನು ಎಸೆಯಬೇಡಿ. ಹೊಸ ಟೆನ್ಷನರಿನ ಬಿಗಿಯಲ್ಲಿ ಅದು ಹೆಬ್ರಿಗೋ ತೀರ್ಥಹಳ್ಳಿಗೋ ಮುಟ್ಟಿಸುವಷ್ಟು ಬಾಳುತ್ತದೆ. ನನ್ನ ಜೀಪಿನ ಹಿಂದಿನ ಸೀಟಿನ ಅಡಿಯಲ್ಲಿ ಅದು ಪ್ಲಾಸ್ಟಿಕ್ ಚೀಲದೊಳಗೆ ಸುತ್ತಿಟ್ಟು ಇದೆ, ಅದರ ಜೊತೆಗೆ ಟೆನ್ಷನರಿಗೆ ಕೂರುವ ಸಾಕೆಟ್ಟು, ಉದ್ದನೆಯ ಹಿಡಿ, ಮತ್ತು ಬೆಲ್ಟಿನ ಹಾದಿಯನ್ನು ಕೈಯಿಂದ ಬರೆದ ಆ ಕಾಗದ.